ನಾವು ಜಪಾನಿ ಕಲಿಯೋದು ಕನ್ನಡದಲ್ಲಿ

ನಮ್ಮ ಮನೆಯಲ್ಲಿ ಜಪಾನಿ ಭಾಷೆಯ ಪಾಠ ನಡೆಯುವುದು ಕನ್ನಡದಲ್ಲಿ. ಹೀಗಂದ ಕೂಡಲೇ ಎದುರಿಗಿದ್ದವರು "ಇಂಗ್ಲಿಷ್‌ನಲ್ಲಿ ಕಲಿಸಿದ್ರೆ ಎರಡೂ ಬರ್ತಿದ್ವಲ್ಲ?" ಅನ್ನುತ್ತಾರೆ. ಎರಡೂ ಬರಲಿ, ಬೇಡ ಅನ್ನುವವರು ಯಾರು? ಆದರೆ ಕನ್ನಡ ಬಲ್ಲವರು ಜಪಾನಿಯನ್ನು ಇಂಗ್ಲಿಷ್ ಮೂಲಕ ಕಲಿಯುವುದು ಅಂದರೆ, ರಾಯಚೂರಿನಿಂದ ಸಿಂಧನೂರಿಗೆ ಹೋಗುವವರು ಹೈದರಾಬಾದ್ ಬಸ್ ಹತ್ತಿದ ಹಾಗೆ. ಈ ಮಾತನ್ನು ಒಮ್ಮೆ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ನಮ್ಮ ಮನೆಯ ಬಗ್ಗೆ. ನಾವಿರುವುದು ರಾಯಚೂರಿನಲ್ಲಿ, ತೀನ್ ಕಂದೀಲ್‌ನಿಂದ ನಡೆದುಹೋಗುವಷ್ಟು ದೂರದಲ್ಲಿ. ನಮ್ಮ ಮನೆಯವರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಹತ್ತಿ ಬರುವ ಸೀಸನ್‌ನಲ್ಲಿ ಅವರು ಮನೆಯಲ್ಲಿ ಕಾಣಿಸುವುದೇ ಅಪರೂಪ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಇಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾರೆ. ಜೊತೆಗೆ ನಮ್ಮ ಅತ್ತೆ. ಅವರ ತವರು ಗದ್ವಾಲ ಕಡೆ. ತೆಲುಗು ತವರಿನ ಭಾಷೆ, ಕನ್ನಡ ಗಂಡನ ಮನೆಯದು, ಉರ್ದು ಓಣಿಯದು. ಇಂಗ್ಲಿಷ್ ಮಾತ್ರ ಬರುವುದಿಲ್ಲ. ಈ ಕಥೆಗೆ ಅದೇ ಮುಖ್ಯ.

ಮಕ್ಕಳನ್ನು ಶಾಲೆ ಯಾಕೆ ಬಿಡಿಸಿದಿರಿ ಅನ್ನುವ ಪ್ರಶ್ನೆಗೆ ಬೇರೆ ದಿನ ಉತ್ತರ ಬರೆಯುತ್ತೇನೆ. ಮಗಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದಳು, ಅಷ್ಟು ಸಾಕು ಇವತ್ತಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮನೆಯಲ್ಲೇ ಓದಿಸುವವರ ಬಗ್ಗೆ ಅದರಲ್ಲಿ ಬಿಡಿಸಿ ಹೇಳಿಲ್ಲ. ಹತ್ತನೇ ತರಗತಿಯನ್ನು ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಕಟ್ಟಿಸೋದು ನಮ್ಮ ಲೆಕ್ಕ. ಅದಕ್ಕೆ 14 ತುಂಬಿರಬೇಕು. ಅಲ್ಲಿಯವರೆಗೆ ಪರೀಕ್ಷೆಯ ಗಡಿಬಿಡಿ ಇಲ್ಲ. ಹಾಗಾಗಿಯೇ ಬೆಳಗಿನ ಒಂದು ಗಂಟೆಯನ್ನು ಯಾವುದಾದರೂ ದೂರದ ಭಾಷೆಗೆ ಕೊಡೋಣ ಅನ್ನಿಸಿತು.

ಹೊಸ ಭಾಷೆ ಅಂದರೆ ನಮ್ಮ ಊರಿನ ಮಕ್ಕಳಿಗೆ ಹೆದರಿಕೆ ಇಲ್ಲ. ತರಕಾರಿ ಗಾಡಿಯವರ ಜೊತೆ ಒಂದು ಭಾಷೆ, ಹಾಲಿನವರ ಜೊತೆ ಇನ್ನೊಂದು. ಕೋಟೆಗೆ ಹೋದರೆ ಕಲ್ಲುಗಳೂ ಬೇರೆ ಬೇರೆ ಭಾಷೆಯಲ್ಲಿ ಮಾತಾಡುತ್ತವೆ. ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, ನೋಡಿದ್ದೀರಾ? ಕಾಕತೀಯರ ಕಾಲದ್ದು, 1294ನೇ ಇಸವಿಯದು. ಅದರ ಮೇಲೆ ತೆಲುಗು ಶಾಸನ ಇದೆ. ಅಂಥ ಕಲ್ಲನ್ನು ಗಾಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಅದೇ ಕೋಟೆಯ ಬೇರೆ ಕಡೆ ಪಾರ್ಸಿ ಶಾಸನಗಳಿವೆ. ನಮ್ಮ ಇತಿಹಾಸದ ಪಾಠ ನಡೆಯೋದೇ ಅಲ್ಲಿ. ತೆಲುಗು ಅಕ್ಷರಗಳಲ್ಲಿ ಒಂದೆರಡನ್ನು ಮಗ ಗುರುತು ಹಿಡಿದು ಓದಿದ. ಪಾರ್ಸಿಯ ಮುಂದೆ ನಿಂತು, "ಇದನ್ನ ಬಲಗಡೆಯಿಂದ ಓದಬೇಕು" ಅಂದ. ಓಣಿಯ ಅಂಗಡಿಗಳ ಉರ್ದು ಬೋರ್ಡ್ ನೋಡಿ ಕಲಿತಿದ್ದು ಅದು, ನಾನು ಹೇಳಿಕೊಟ್ಟಿದ್ದಲ್ಲ.

ಯಾವ ಭಾಷೆ ಅನ್ನೋ ಪ್ರಶ್ನೆ ಬಂದಾಗ ನೆಂಟರೆಲ್ಲ ಜರ್ಮನ್ ಅಂದರು. ನರ್ಸಿಂಗ್ ಮಾಡಿದವರಿಗೆ, ಎಂಜಿನಿಯರ್‌ಗಳಿಗೆ ಕೆಲಸ ಸಿಗ್ತದೆ ಅಂತ. ಒಂಬತ್ತು ವರ್ಷದವನಿಗೆ ಕೆಲಸದ ಆಸೆ ತೋರಿಸಿ ಏನು ಕಲಿಸೋದು? ಮಗಳು ಆಗಲೇ ಕಾಗದ ಮಡಿಸುವ ಹುಚ್ಚು ಹಿಡಿಸಿಕೊಂಡಿದ್ದಳು. ಕ್ಯಾಲೆಂಡರ್ ಹಾಳೆ, ಅಪ್ಪ ತರುವ ಹಳೇ ತಕಪಟ್ಟಿ (ಅಡತಿಯ ಲೆಕ್ಕದ ಚೀಟಿ), ಸಿಕ್ಕಿದ್ದೆಲ್ಲ ಕೊಕ್ಕರೆ, ಕಪ್ಪೆ ಆಗುತ್ತಿತ್ತು. ಅವಳು ನೋಡುವ ವಿಡಿಯೋಗಳೆಲ್ಲ ಜಪಾನಿನವು. ಅವರೇನು ಹೇಳ್ತಿದ್ದಾರೆ ಅಂತ ತಿಳೀಬೇಕು ಅಂದಳು. ಅಲ್ಲಿಗೆ ಭಾಷೆ ತೀರ್ಮಾನ ಆಯ್ತು.

ಸಿಕ್ಕ ಮೊದಲ ಪುಸ್ತಕ ಇಂಗ್ಲಿಷ್‌ನದು. ಮೊದಲ ಪಾಠದಲ್ಲೇ ಎರಡು ಪುಟ ವಿವರಣೆ. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಗಾಬರಿ ಆಗಬೇಡಿ. ಇಂಗ್ಲಿಷ್‌ನಲ್ಲಿ ನಾಮಪದಕ್ಕಿಂತ ಮೊದಲು ಬರುವ 'ಟು', 'ಫ್ರಮ್' ಥರದ ಪದಗಳು ಇಲ್ಲಿ ಅದರ ನಂತರ ಬರುತ್ತವೆ, ರೂಢಿ ಮಾಡಿಕೊಳ್ಳಿ. ಮಗ ಇದನ್ನೆಲ್ಲ ಓದಿಸಿ ಕೇಳಿಸಿಕೊಂಡು, "ಕೊನೆಗೆ ಬರದೆ ಇನ್ನೆಲ್ಲಿ ಬರ್ತದಮ್ಮಾ?" ಅಂದ. ಸರಿಯಾದ ಪ್ರಶ್ನೆ. ಗಾಬರಿ ಆಗಬೇಕಾದವರು ಇಂಗ್ಲಿಷ್‌ನವರು, ನಾವಲ್ಲ.

ಪುಸ್ತಕ ಪಕ್ಕಕ್ಕಿಟ್ಟು ಹಲಗೆ ತೆಗೆದುಕೊಂಡೆ. ಮೇಲೆ ಜಪಾನಿ ವಾಕ್ಯ, ಕೆಳಗೆ ಕನ್ನಡ. 'ವತಶಿ ವ ಮಿಜು ಒ ನೊಮಿಮಸ್.' ನಾನು, ನೀರು, ಅನ್ನು, ಕುಡಿಯುತ್ತೇನೆ. ಒಂದರ ಕೆಳಗೆ ಒಂದು ಕೂತವು. 'ಒ' ಅಂದರೆ ನಮ್ಮ 'ಅನ್ನು'. 'ನಿ' ಅಂದರೆ 'ಗೆ'. 'ಕರ' ಅಂದರೆ 'ಇಂದ'. 'ಮದೆ' ಅಂದರೆ 'ತನಕ'. 'ಮೊ' ಹತ್ತಿಸಿದರೆ 'ನಾನು' ಇದ್ದದ್ದು 'ನಾನೂ' ಆಯಿತು. ಕೊನೆಗೆ 'ಕ' ಸೇರಿಸಿದರೆ ಪ್ರಶ್ನೆ, ನಮ್ಮ 'ಹೋಗ್ತೀರಾ' ಅನ್ನೋದರ 'ಆ' ಇದ್ದ ಹಾಗೆ. ವಿಭಕ್ತಿ ಪ್ರತ್ಯಯ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನನಗೆ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು.

ಮಗನಿಗೆ ರೈಲು ಅಂದರೆ ಪ್ರಾಣ. ಅವನೇ ಒಂದು ಆಟ ಕಟ್ಟಿದ. ಒಬ್ಬರು "ರಾಯಚೂರು ಕರ" ಅನ್ನಬೇಕು, ಇನ್ನೊಬ್ಬರು "ಗುಂತಕಲ್ ಮದೆ" ಅನ್ನಬೇಕು, ಮೂರನೆಯವರು ನಡುವೆ ಬರುವ ಸ್ಟೇಷನ್ ಹೇಳಬೇಕು. ಮಟಮಾರಿ, ಮಂತ್ರಾಲಯಂ ರೋಡ್, ಆದೋನಿ. ಅತ್ತೆಯವರು ಈ ಆಟದಲ್ಲಿ ಯಾರಿಗೂ ಬಗ್ಗುವುದಿಲ್ಲ. ರಾಯರ ಮಠಕ್ಕೆ ವರ್ಷಾನುಗಟ್ಟಲೆ ಹೋಗಿ ಬಂದವರು, ಸ್ಟೇಷನ್‌ಗಳು ಬಾಯಲ್ಲೇ ಇವೆ. ಜಪಾನಿ ಪ್ರತ್ಯಯಗಳು ಸ್ಟೇಷನ್ ಹೆಸರಿಗೆ ಅಂಟಿಕೊಂಡು ಅವರ ಬಾಯಿಗೂ ಬಂದವು. ಅವರು ಪಾಠಕ್ಕೆ ಸೇರಿದ್ದು ಹೀಗೆ. ಯಾರೂ ಕರೆದಿರಲಿಲ್ಲ. ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದರೆ ಅವರು ಒಳಗೇ ಇರುತ್ತಿದ್ದರು.

ಇನ್ನು ಬರವಣಿಗೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಜಪಾನಿಯನ್ನು ನಮ್ಮ ಮಕ್ಕಳು 'ಟ', 'ಡ' ಮಾಡಿ ಓದುತ್ತಾರೆ. ಕನ್ನಡದಲ್ಲಿ ಬರೆದುಕೊಂಡರೆ 'ತ', 'ದ' ಅಂತ ಸರಿಯಾಗಿಯೇ ಬರುತ್ತದೆ. ಟೊಯೋಟಾ ಅಲ್ಲ, ತೊಯೊತ. ನಮ್ಮನೆ ಸ್ಕೂಟರ್ ಹೊಂಡಾ ಅಲ್ಲ, ಹೊಂದ. ಅದರಲ್ಲಿನ 'ನ್' ನಮ್ಮ ಸೊನ್ನೆಯೇ. ಮುಂದಿನ ಅಕ್ಷರ ನೋಡಿಕೊಂಡು ದನಿ ಬದಲಿಸುತ್ತದೆ. 'ಬ' ಮುಂದಿದ್ದರೆ 'ಮ್' ಥರ, 'ಕ' ಮುಂದಿದ್ದರೆ 'ಅಂಕ'ದಲ್ಲಿ ಬರುವ ಹಾಗೆ. ಒತ್ತಕ್ಷರಕ್ಕೆ ಅವರು ಒಂದು ಪುಟ್ಟ 'ತ್ಸು' ಬರೆಯುತ್ತಾರೆ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಹಳಿ, ಹಳ್ಳಿ ಬೇರೆ ಅಂತ ಗೊತ್ತಿರುವವರಿಗೆ ಇದೇನು ಕಷ್ಟ? 'ಒಬಸನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಅಂದರೆ ಅಜ್ಜಿ. ದೀರ್ಘ ತಪ್ಪಿದರೆ ಸಂಬಂಧವೇ ತಪ್ಪಿತು. ಗಿಡ್ಡ ಎ, ಗಿಡ್ಡ ಒ ಕೂಡ ಹಿಂದಿಯಲ್ಲಿ ಬರೆಯಲು ಒದ್ದಾಡಬೇಕು, ನಮಗೆ ಅಕ್ಷರವೇ ಇವೆ. ಒದ್ದಾಟ ಅಂದರೆ 'ತ್ಸು' ಒಂದೇ. ಅದನ್ನು ಹೇಳುವಾಗ ನಾವೆಲ್ಲ ಕೋಳಿ ಓಡಿಸುವವರ ಥರ ಆಗುತ್ತೇವೆ.

ಜಪಾನಿಯಲ್ಲಿ ಹಿರಗನ ಅಂತ 46 ಮೂಲ ಅಕ್ಷರ ಇವೆ. ಕತಕನ ಅಂತ ಇನ್ನೊಂದು ಸೆಟ್, ಅದರಲ್ಲೂ ಅಷ್ಟೇ. ಗೋಡೆಗೆ ಹಿರಗನದ ಚಾರ್ಟ್ ಅಂಟಿಸಿ ಮಗಳು ಜೋರಾಗಿ ಓದುತ್ತಿದ್ದಳು. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಅತ್ತೆಯವರು ಜೋಳದ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿ, "ಇದು ನಮ್ಮ ಓನಾಮನೇ ಅಲ್ಲೇನವಾ? ನಡುವ ನಡುವ ಹಾರಿಸ್ಯಾರ ನೋಡು" ಅಂದರು. ಅವರಂದದ್ದು ನಿಜ. ಬೌದ್ಧ ಗ್ರಂಥಗಳ ಜೊತೆ ಸಿದ್ಧಂ ಅನ್ನುವ ಭಾರತದ ಲಿಪಿ ಜಪಾನಿಗೆ ಹೋಯಿತು. ಅಲ್ಲಿನ ಭಿಕ್ಷುಗಳು ಅದನ್ನು ಓದಿ ಕಲಿತರು. ತಮ್ಮ ಅಕ್ಷರಗಳನ್ನೂ ಆ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿದರು. ಅಕ್ಷರದ ಆಕಾರ ಚೀನಾದಿಂದ ಬಂದದ್ದು, ಸಾಲು ನಮ್ಮ ಕಡೆಯದು. 'ಹ' ಇರುವ ಜಾಗದಲ್ಲಿ ನಮ್ಮಲ್ಲಿ 'ಪ' ಇರಬೇಕಲ್ಲ ಅಂತ ಕೇಳಬಹುದು. ಹಿಂದೆ ಅಲ್ಲೂ ಅದು 'ಪ'ನೇ. ಹಾಲು ಮೊದಲು ಪಾಲು ಆಗಿತ್ತು ಅಂತ ಕನ್ನಡದವರಿಗೆ ಹೇಳಿಕೊಡಬೇಕಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಧಿ. ಮಗಳಿಗೆ ಕನ್ನಡ ವ್ಯಾಕರಣ ಅಂದರೆ ಆಗುತ್ತಿರಲಿಲ್ಲ. ಆದೇಶ ಸಂಧಿ ಹೇಳಿಕೊಡುತ್ತಿದ್ದೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಎರಡನೇ ಪದದ ಮೊದಲಿನ ಕ, ತ, ಪ ಬದಲಾಗಿ ಗ, ದ, ಬ ಆಗುತ್ತವೆ. ಅವಳು ಕಿವಿ ಒಂದು ಕಡೆ ಇಟ್ಟು ಕೈಯಲ್ಲಿ ಕಾಗದ ಮಡಿಸುತ್ತಲೇ ಇದ್ದಳು. ತಟ್ಟನೆ ಮಡಿಸುವುದು ನಿಲ್ಲಿಸಿ, "ಒರಿ ಅಂದ್ರೆ ಮಡಿಸೋದು. ಕಮಿ ಅಂದ್ರೆ ಕಾಗದ. ಒರಿಕಮಿ ಯಾಕಾಗಲಿಲ್ಲ?" ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ನೋಟ್‌ಬುಕ್ ತುಂಬ ಬೇಟೆ ನಡೆಯಿತು. ಹಿ ಅಂದರೆ ಸೂರ್ಯ, ತೊಕೇ ಅಂದರೆ ಗಡಿಯಾರ, ಸೇರಿದರೆ ಹಿದೊಕೇ, ನೆರಳು ನೋಡಿ ಹೊತ್ತು ಹೇಳುವ ಗಡಿಯಾರ. ಹನ ಅಂದರೆ ಹೂವು, ಇನ್ನೊಂದು ಹಿ ಅಂದರೆ ಬೆಂಕಿ, ಸೇರಿದರೆ ಹನಬಿ, ಪಟಾಕಿಯ ಹೂಬಾಣ. 'ಹ' ಯಾಕೆ 'ಬ' ಆಯ್ತು? ಅದು ಮೊದಲು 'ಪ' ಇತ್ತಲ್ಲ, ಅದಕ್ಕೆ.

ಆದರೆ ಎಲ್ಲ ಕಡೆ ಹೀಗಾಗುವುದಿಲ್ಲ. ಹರು ಅಂದರೆ ವಸಂತ, ಕಜೆ ಅಂದರೆ ಗಾಳಿ, ಸೇರಿದರೆ ಹರುಕಜೆ. ಹರುಗಜೆ ಅಲ್ಲ. ಎರಡನೇ ಪದದಲ್ಲಿ ಆಗಲೇ ಗ, ಜ, ದ, ಬ ಥರದ ದನಿ ಇದ್ದರೆ ಮೊದಲಿನ ಅಕ್ಷರ ಸುಮ್ಮನೆ ಇರುತ್ತದೆ. ಈ ನಿಯಮಕ್ಕೆ ಲೈಮನ್ ಅನ್ನುವ ಅಮೆರಿಕದವನ ಹೆಸರಿದೆ. ಅವನು ಭಾಷೆಯ ಪಂಡಿತ ಅಲ್ಲ, ಜಪಾನಿನಲ್ಲಿ ಕೆಲಸ ಮಾಡಿದ್ದ ಗಣಿ ಎಂಜಿನಿಯರ್. 1894ರಲ್ಲಿ ಇದನ್ನು ಬರೆದ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರ್. ನೆಲ ಅಗೆಯುವವರಿಗೆ ಅಕ್ಷರವೂ ಕಾಣಿಸುತ್ತದೇನೋ. ಏನೇ ಇರಲಿ, ಆದೇಶ ಸಂಧಿಯನ್ನು ಮಗಳು ಈಗ ನನಗಿಂತ ಚೆನ್ನಾಗಿ ವಿವರಿಸುತ್ತಾಳೆ.

ನಮ್ಮ ಮನೆಯವರು ಪಾಠಕ್ಕೆ ಕೂಡುವವರಲ್ಲ. ಆದರೆ ಲೆಕ್ಕ ಅಂದರೆ ಕಿವಿ ನಿಮಿರುತ್ತದೆ. ಜಪಾನಿಯಲ್ಲಿ ಹತ್ತು ಸಾವಿರಕ್ಕೆ ಒಂದು ಬೇರೆ ಹೆಸರು, 'ಮನ್' ಅಂತ. ದೊಡ್ಡ ಸಂಖ್ಯೆಯನ್ನೆಲ್ಲ ಅದರ ಮೇಲೇ ಕಟ್ಟುತ್ತಾರೆ. ಒಂದು ಲಕ್ಷ ಅಂದರೆ ಹತ್ತು ಮನ್. ಒಂದು ಕೋಟಿ ಅಂದರೆ ಸಾವಿರ ಮನ್. ಹತ್ತು ಕೋಟಿ ಆದರೆ ಹೊಸ ಹೆಸರು, ಒಂದು 'ಒಕು'. ಇದನ್ನು ಇಂಗ್ಲಿಷ್ ಮೂಲಕ ಕಲಿಯುವವರು ಲಕ್ಷದಿಂದ ಮಿಲಿಯನ್‌ಗೆ ಹೋಗಿ, ಅಲ್ಲಿಂದ ಮನ್‌ಗೆ ಬಂದು, ನಡುವೆ ಸೊನ್ನೆ ಕಳೆದುಕೊಳ್ಳುತ್ತಾರೆ. ನಮ್ಮವರು ಊಟ ಮಾಡುತ್ತಲೇ ಅಂದಿನ ವಹಿವಾಟನ್ನು ಮನ್‌ಗೆ ತಿರುಗಿಸಿ ಹೇಳಿದರು. "ಲಕ್ಷದ ಲೆಕ್ಕಕ್ಕ ಒಂದು ಸೊನ್ನಿ ಹಚ್ಚಿದ್ರ ಮನ್ ಆಗ್ತದ, ಅಷ್ಟs ಅಲ್ಲ?" ಅಂದರು. ಅಷ್ಟೇ. ಈಗ ಕ್ವಿಂಟಲ್ ಹತ್ತಿಯ ರೇಟನ್ನು ಮಕ್ಕಳಿಗೆ ಜಪಾನಿಯಲ್ಲಿ ಹೇಳುವುದು ಅವರ ರಾತ್ರಿಯ ಪಾಠ. ಮುನ್ನೂರು, ಆರುನೂರು, ಎಂಟುನೂರು ಬಂದಾಗ ಮಾತ್ರ ತಡವರಿಸುತ್ತಾರೆ. ಸಂಬ್ಯಕು, ರೊಪ್ಪ್ಯಕು, ಹಪ್ಪ್ಯಕು. ಅಲ್ಲೂ ಸಂಧಿಯೇ. ಮಗಳು ತಿದ್ದುತ್ತಾಳೆ, ಅವರು "ಆಯ್ತಮ್ಮ ಟೀಚರ್" ಅಂತ ಮತ್ತೆ ಹೇಳುತ್ತಾರೆ.

ಕ್ರಿಯಾಪದಗಳ ಜೋಡಿ ಬಂದಾಗಂತೂ ಪಾಠ ಮಾಡುವುದೇ ಉಳಿಯಲಿಲ್ಲ. 'ತಬೆತೆ' ಅಂದರೆ ತಿಂದು, 'ಮಿರು' ಅಂದರೆ ನೋಡು. ತಬೆತೆ ಮಿರು ಅಂದರೆ ತಿಂದು ನೋಡು. ರುಚಿ ಹೆಂಗಿದೆ ಅಂತ ನೋಡು ಅನ್ನುವ ಅರ್ಥದಲ್ಲೇ. 'ಒಕು' ಅಂದರೆ ಇಡು (ಹತ್ತು ಕೋಟಿಯ ಒಕು ಬೇರೆ). ಕೊಂಡಿಡು, ಮಾಡಿಡು ಅಂತ ನಾವು ಅನ್ನುವ ಕಡೆಯೆಲ್ಲ ಅವರು ಇದನ್ನು ಹಚ್ಚುತ್ತಾರೆ. ತಿಂದುಬಿಟ್ಟೆ ಅನ್ನಲಿಕ್ಕೂ ಒಂದು ಜೋಡಿ ಇದೆ, ಮಗ ಅದನ್ನು ಮೊದಲು ಕಲಿತ. ಮನೆಯಿಂದ ಹೊರಡುವಾಗ ಜಪಾನಿನವರು 'ಇತ್ತೆ ಕಿಮಸ್' ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಸ್ ಅಂದರೆ ಬರುತ್ತೇನೆ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟದ ಟಿಪ್ಪಣಿ ಇತ್ತು, ಜಪಾನಿನ ವಿಶೇಷ ಸಂಸ್ಕೃತಿ ಅಂತ. ನಮ್ಮಲ್ಲಿ ಹಾಲು ತರಲು ಹೋಗುವವರೂ 'ಹೋಗ್ತೀನಿ' ಅಂದರೆ ಹಿರಿಯರು ಬೈದು 'ಹೋಗಿ ಬರ್ತೀನಿ' ಅನ್ನಿಸುತ್ತಾರೆ. 'ನನಗೆ ಮಾವಿನಹಣ್ಣು ಇಷ್ಟ' ಅನ್ನುವುದೂ ಹಾಗೇ. ಇಷ್ಟವಾದ ವಸ್ತುವಿಗೆ ಜಪಾನಿಯಲ್ಲಿ 'ಒ' ಹತ್ತಿಸುವುದಿಲ್ಲ, 'ಗ' ಹತ್ತಿಸುತ್ತಾರೆ. ಇಂಗ್ಲಿಷ್‌ನಿಂದ ಬಂದವರು ಇಲ್ಲಿ ಎಡವುತ್ತಾರಂತೆ. ನಾವೂ 'ಮಾವಿನಹಣ್ಣನ್ನು ಇಷ್ಟ' ಅನ್ನುವುದಿಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಒಬ್ಬರು, "ಜಪಾನಿ ಕನ್ನಡದಿಂದಲೇ ಹುಟ್ಟಿದ್ದು, ಗೊತ್ತಾ?" ಅಂತ ಹಾಕಿದರು. ಇಲ್ಲ ರೀ. ತಮಿಳಿಗೂ ಜಪಾನಿಗೂ ನಂಟಿದೆ ಅಂತ ಒನೊ ಸುಸುಮು ಅನ್ನುವ ಜಪಾನಿ ವಿದ್ವಾಂಸರು ವಾದ ಮಾಡಿದ್ದರು. ಹೆಚ್ಚಿನ ಭಾಷಾ ವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಟರ್ಕಿ ಭಾಷೆಯಲ್ಲೂ ಇದೆ, ಕೊರಿಯನ್‌ನಲ್ಲೂ ಇದೆ. ಪ್ರಪಂಚದಲ್ಲಿ ಅಂಥ ಭಾಷೆಗಳೇ ಜಾಸ್ತಿ. ನಡಿಗೆ ಒಂದೇ ಥರ ಇದ್ದ ಮಾತ್ರಕ್ಕೆ ಅಣ್ಣ ತಮ್ಮ ಆಗುವುದಿಲ್ಲ. ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಹೇಳಿದ್ದೇನೆ. ಹೋಲಿಕೆಯ ಖುಷಿ ಸಾಕು, ಹೆಮ್ಮೆಯ ಫಾರ್ವರ್ಡ್ ಬೇಡ.

ಕನ್ನಡ ಕೈಬಿಡುವ ಜಾಗಗಳೂ ಇವೆ. 'ವತಶಿ ವ' ಅನ್ನುವಾಗಿನ 'ವ' ಎಲ್ಲಿ ಹತ್ತಿಸಬೇಕು, 'ಗ' ಎಲ್ಲಿ ಅನ್ನೋದು ನನಗೆ ಇನ್ನೂ ಪೂರ್ತಿ ಹತ್ತಿಲ್ಲ. ಕೆಲವು ಕಡೆ 'ಅಂತೂ' ಹಾಕಿ ನೋಡಿದರೆ 'ವ' ಸರಿಹೋಗುತ್ತದೆ, ಕೆಲವು ಕಡೆ ಇಲ್ಲ. ಎಣಿಸುವಾಗ ಉದ್ದದ ವಸ್ತುವಿಗೆ ಒಂದು ಲೆಕ್ಕ, ಹಾಳೆಗೆ ಒಂದು, ಪುಸ್ತಕಕ್ಕೆ ಒಂದು. ಮನುಷ್ಯರಿಗೆ ಬೇರೆ ಅನ್ನೋದು ನಮಗೆ ಗೊತ್ತು, ಇಬ್ಬರು ಮಕ್ಕಳು, ಎರಡು ರೊಟ್ಟಿ. ಅದರಾಚೆ ನಾವೂ ಬಾಯಿಪಾಠವೇ. 'ಇದು', 'ಅದು' ಜೊತೆ ಅವರಿಗೆ ನಡುವೆ ಇನ್ನೊಂದು ಇದೆ, ಕೇಳುವವರ ಹತ್ತಿರ ಇರುವುದಕ್ಕೆ. ಹಳಗನ್ನಡದಲ್ಲಿ ನಡುವಿನದಕ್ಕೆ 'ಉದು' ಅಂತ ಇತ್ತು, ನಾವು ಅದನ್ನು ಬಿಟ್ಟೆವು. ಇನ್ನು ಕಾಂಜಿ ಅನ್ನುವ ಚೀನೀ ಅಕ್ಷರಗಳು. ದಿನಬಳಕೆಯ ಪಟ್ಟಿಯಲ್ಲೇ 2,136. ಜಪಾನಿನ ಒಂದನೇ ತರಗತಿಯ ಮಗು 80 ಕಲಿಯುತ್ತದೆ. ಅದಕ್ಕೆ ಯಾವ ಭಾಷೆಯೂ ಸಹಾಯಕ್ಕೆ ಬರುವುದಿಲ್ಲ, ಬರೀಬೇಕು ಅಷ್ಟೇ. ಅತ್ತೆಯವರು ಬೆಟ್ಟ, ನದಿ, ಬಾಯಿ, ಮರ ಕಲಿತು, "ಸಾಕವಾ, ಉಳಿದದ್ದು ನೀವು ಬರೀರಿ" ಅಂದುಬಿಟ್ಟಿದ್ದಾರೆ.

ಏನೇನು ಬಳಸುತ್ತೀರಿ ಅಂತ ಕೇಳುವವರಿಗೆ. ಜಪಾನ್ ಫೌಂಡೇಶನ್‌ನವರ 'ಇರೊದೊರಿ' ಅನ್ನುವ ಪಠ್ಯ ಆಡಿಯೋ ಸಮೇತ ಪುಕ್ಕಟೆ ಡೌನ್‌ಲೋಡ್‌ಗೆ ಸಿಗುತ್ತದೆ. ಅಂಗಡಿ, ಊಟ, ಹವಾಮಾನ, ಅಕ್ಕಪಕ್ಕದವರು, ಇಂಥ ಮಾತುಗಳೇ ಅದರಲ್ಲಿ ಜಾಸ್ತಿ. ಅದರ ಇಂಗ್ಲಿಷ್ ವಿವರಣೆ ನಾನು ರಾತ್ರಿ ಓದಿ, ಬೆಳಿಗ್ಗೆ ಕನ್ನಡದಲ್ಲಿ ಹಲಗೆಗೆ ಹಾಕುತ್ತೇನೆ. ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳು ಹಿಂದಿಯಲ್ಲೂ ಇವೆ. ಹಿಂದಿಯ ವಾಕ್ಯವೂ ಕ್ರಿಯಾಪದಕ್ಕೇ ಮುಗಿಯುತ್ತದೆ, ಹಾಗಾಗಿ ಇಂಗ್ಲಿಷ್‌ಗಿಂತ ವಾಸಿ. ಆ್ಯಪ್‌ಗಳನ್ನು ಮಗ ಆಡುತ್ತಾನೆ, ನಾನು ಅಷ್ಟು ನಂಬುವುದಿಲ್ಲ. ಅವು ಸರಿ, ತಪ್ಪು ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಪಾಠದ ಹೊತ್ತು ಬೆಳಿಗ್ಗೆ ಆರೂವರೆ, ಮಾಳಿಗೆಯ ಮೇಲೆ. ನಮ್ಮೂರ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಯಾವ ಭಾಷೆಯೂ ತಲೆಗೆ ಹೋಗುವುದಿಲ್ಲ. ಮಕ್ಕಳು ಚೆನ್ನಾಗಿ ಆಡುವ ಜಪಾನಿ ವಾಕ್ಯವೂ ಬಿಸಿಲಿನದೇ. 'ಅತ್ಸುಯ್ ದೆಸ್ ನೆ.' ಬಹಳ ಬಿಸಿಲು, ಅಲ್ವಾ.

ಮಾತಾಡಲು ರಾಯಚೂರಿನಲ್ಲಿ ಜಪಾನಿನವರು ಎಲ್ಲಿ ಸಿಗಬೇಕು? ಭಾಷೆ ಕೊಟ್ಟು ತೆಗೆದುಕೊಳ್ಳುವ ಒಂದು ಆನ್‌ಲೈನ್ ಗುಂಪಿನಲ್ಲಿ ನಗೊಯದ ಒಬ್ಬ ರಿಟೈರ್ಡ್ ಟೀಚರ್ ಸಿಕ್ಕರು. ಅವರಿಗೆ ಇಂಗ್ಲಿಷ್ ಮಾತಾಡಿ ರೂಢಿ ಆಗಬೇಕಿತ್ತು, ನಮಗೆ ಜಪಾನಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ನಾಲ್ಕು ಅಂದರೆ ಅಲ್ಲಿ ಏಳೂವರೆ. ಭಾನುವಾರ ಕರೆ ಮಾಡುತ್ತಾರೆ. ಮೊದಮೊದಲು ಮಕ್ಕಳು ಬರೆದಿಟ್ಟುಕೊಂಡ ವಾಕ್ಯ ಓದುತ್ತಿದ್ದರು, ಮುಗಿದ ಕೂಡಲೇ ಎಲ್ಲರೂ ಮೌನ. ಒಂದು ಸಲ ಹೀಗೆ ಮೌನವಾಗಿದ್ದಾಗ ಅತ್ತೆ ಹಿಂದಿನಿಂದ ಬಗ್ಗಿ, ಫೋನಿನ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು, "ಊಟ ಆತೇನ್ರೀ?" ಅಂತ ಕೇಳಿದರು. ಮಗಳು ಪಕ್ಕದಿಂದ ಜಪಾನಿ ಉಸುರಿದಳು. ಅತ್ತೆ ಒಂದೊಂದೇ ಅಕ್ಷರ ಒತ್ತಿ ಹೇಳಿದರು. "ಗೊಹನ್ ತಬೆಮಶಿತ ಕ?"

ಆ ಕಡೆ ಟೀಚರಮ್ಮ ಎದ್ದೇ ಹೋದರು. ನಾವು ಲೈನ್ ಕಟ್ಟಾಯ್ತು ಅಂದುಕೊಂಡೆವು. ತಿರುಗಿ ಬಂದಾಗ ಕೈಯಲ್ಲಿ ಬಟ್ಟಲು. ಅನ್ನ, ಮೀನು, ಯಾವುದೋ ಉಪ್ಪಿನಕಾಯಿ, ಒಂದೊಂದನ್ನೇ ಎತ್ತಿ ಕ್ಯಾಮೆರಾಗೆ ತೋರಿಸಿದರು. ಅತ್ತೆ ಒಳಗೆ ಹೋಗಿ ಶೇಂಗಾ ಹಿಂಡಿಯ ಡಬ್ಬಿ ತಂದರು, ಪುಂಡಿ ಪಲ್ಯ ತಂದರು, ಖಟಿ ರೊಟ್ಟಿಯನ್ನು ಮುರಿದು ಸದ್ದು ಕೇಳಿಸಿದರು. ಮಕ್ಕಳ ಕೆಲಸ ನಡುವೆ ಒಂದೊಂದು ಪದ ಹುಡುಕಿ ಕೊಡುವುದಷ್ಟೇ ಆಯಿತು. ಆಮೇಲಿನ ಭಾನುವಾರಗಳಲ್ಲಿ ಆ ಟೀಚರ್ ಮೊದಲು ಕೇಳುವುದು 'ಒಬಾಸನ್ ಎಲ್ಲಿ' ಅಂತ. ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ವ್ಯಾಕರಣ ಓದಿ ಸಾಯುವವಳು ನಾನು, ಭೇಷ್ ಅನ್ನಿಸಿಕೊಳ್ಳುವವರು ಅತ್ತೆ. ಉಚ್ಚಾರಣೆಯೂ ನಮ್ಮೆಲ್ಲರಿಗಿಂತ ಅವರದೇ ಚೆನ್ನಾಗಿದೆ ಅಂತ ಆಕೆಯ ತೀರ್ಪು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಪದವನ್ನೂ ನೋಡದೆ, ಬರೀ ಕೇಳಿ ಕಲಿತವರು ಅವರೊಬ್ಬರೇ.

ಮನೆಯಲ್ಲೇ ಓದಿಸುವ ಇತರ ತಾಯಂದಿರು ನನಗೆ ಕೇಳುವುದು, ನಿಮಗೇ ಬರದ ಭಾಷೆಯನ್ನು ಹೆಂಗೆ ಕಲಿಸ್ತೀರಿ ಅಂತ. ಗಣಿತಕ್ಕೆ ಕೂತಾಗ ಉತ್ತರ ನನಗೆ ಗೊತ್ತಿರುತ್ತದೆ, ಮಕ್ಕಳಿಗೂ ಅದು ಗೊತ್ತಿರುತ್ತದೆ. ಹಾಗಾಗಿ ನನ್ನ ಮುಖ ನೋಡಿ ಉತ್ತರ ಹುಡುಕುತ್ತಾರೆ. ಜಪಾನಿಯಲ್ಲಿ ನನ್ನ ಮುಖದಲ್ಲಿ ಏನೂ ಸಿಗುವುದಿಲ್ಲ. ಡಿಕ್ಷನರಿ ತೆಗೆಯಲೇಬೇಕು, ವಾದ ಮಾಡಲೇಬೇಕು. ಮಗ ಅಜ್ಜಿಯನ್ನು ತಿದ್ದುತ್ತಾನೆ, ಅಜ್ಜಿ ಅವನನ್ನು ತಿದ್ದುತ್ತಾರೆ, ಇಬ್ಬರೂ ತಪ್ಪಿದ್ದರೆ ಭಾನುವಾರಕ್ಕೆ ಬರೆದಿಡುತ್ತೇವೆ.

ಈ ಡಿಸೆಂಬರ್‌ನಲ್ಲಿ ಮಗಳು ಬೆಂಗಳೂರಿಗೆ ಹೋಗಿ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್5 ಬರೆಯಬೇಕು ಅಂತಿದ್ದಾಳೆ. ಐದು ಹಂತಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಇದು. 180 ಅಂಕಕ್ಕೆ 80 ಬಂದರೆ ಪಾಸು, ಆದರೆ ಕೇಳಿಸಿಕೊಳ್ಳುವ ಭಾಗದಲ್ಲಿ ಬೇರೆಯಾಗಿ 60ಕ್ಕೆ 19 ಬರಲೇಬೇಕು. ಮಾತಾಡುವ ಪರೀಕ್ಷೆಯೇ ಇಲ್ಲ, ಎಲ್ಲ ಸರಿಯುತ್ತರ ಗುರುತು ಹಾಕುವುದು. ನನಗೆ ಅದು ಸರಿ ಕಾಣುವುದಿಲ್ಲ. ಅತ್ತೆಯವರು ಬರೆದರೆ ಫೇಲ್, ಆದರೆ ನಗೊಯದಲ್ಲಿ ಇಳಿಸಿದರೆ ಬದುಕಿಕೊಳ್ಳುವವರು ಅವರೇ.

ಮಗ ಈಗ ಕೊರಿಯನ್ ಬೇಕು ಅಂತ ಹಟ ಹಿಡಿದಿದ್ದಾನೆ. ಅಲ್ಲೂ ಕ್ರಿಯಾಪದ ಕೊನೆಗೇ ಬರ್ತದೆ, ಪ್ರತ್ಯಯ ಹತ್ತುತ್ತವೆ, ಕಾಂಜಿ ಕಾಟ ಇಲ್ಲ, ಮೂಲ ಅಕ್ಷರ 24 ಅಷ್ಟೇ ಅನ್ನುವುದು ಅವನ ವಾದ. ಸೆಜೋಂಗ್ ಅನ್ನುವ ರಾಜ ಆ ಅಕ್ಷರ ಮಾಡಿಸಿದ್ದು 1443ರಲ್ಲಿ ಅಂತ ಎಲ್ಲೋ ಓದಿದ್ದಾನೆ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದದ್ದೂ ಅದೇ ವರ್ಷ, ಹಾಗಾಗಿ ಇದು ಇತಿಹಾಸದ ಪಾಠವೂ ಆಗ್ತದೆ ಅಂತ ನನಗೇ ಹೇಳಿಕೊಟ್ಟ. ಒಂದನೇ ತರಗತಿಯ 80 ಕಾಂಜಿ ನೋಡದೆ ಬರೆದು ತೋರಿಸು, ಆಮೇಲೆ ನೋಡೋಣ ಅಂದಿದ್ದೇನೆ. ಅಜ್ಜಿಯ ನಾಲ್ಕನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಾ ಅಂತ ಕೇಳುತ್ತಿದ್ದಾನೆ.